ಉಪ್ಪನ್ನು ಬಿಡಿಸುವ ವಿದ್ಯೆ

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಕರಾವಳಿಯಾಚೆ ಗುಡ್‌ವಿನ್ ಸ್ಯಾಂಡ್ಸ್ ಎಂಬ ಮರಳದಿಬ್ಬಗಳಿವೆ. ಶತಮಾನಗಳಿಂದಲೂ ನೌಕೆಗಳನ್ನು ನುಂಗುತ್ತ ಬಂದಿರುವ ಈ ಚಂಚಲ ಮರಳಿನ ನಡುವೆ, 2008ರಲ್ಲಿ, ಮಗುಚಿ ಬಿದ್ದಿದ್ದ ಒಂದು ವಿಮಾನವು ಪತ್ತೆಯಾಯಿತು. ಅದು ಜರ್ಮನರ ಡಾರ್ನಿಯರ್ 17. ಕೃಶವಾದ ಒಡಲಿನ ಕಾರಣದಿಂದ ‘ಹಾರುವ ಪೆನ್ಸಿಲು’ ಎಂದು ಹೆಸರಾದ ಬಾಂಬರು. 1940ರ ಆಗಸ್ಟ್ 26ರಂದು ಬ್ರಿಟಿಷರ ಡಿಫಯಂಟ್ ವಿಮಾನಗಳ ಗುಂಡೇಟಿಗೆ ಸಿಕ್ಕಿ ಕಡಲಿಗಿಳಿದದ್ದೇ ಇದೆಂದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ವಸ್ತುಸಂಗ್ರಹಾಲಯದವರು ಗುರುತಿಸಿದ್ದಾರೆ; ಅದರಲ್ಲಿದ್ದ ನಾಲ್ವರಲ್ಲಿ ಇಬ್ಬರು ಮಡಿದರು, ಇಬ್ಬರು ಸೆರೆಯಾಳುಗಳಾಗಿ ಬದುಕಿದರು. ಸಾವಿರಕ್ಕೂ ಮಿಕ್ಕಿ ನಿರ್ಮಿತವಾದ ಈ ಜಾತಿಯ ವಿಮಾನಗಳಲ್ಲಿ ಬಹುಮಟ್ಟಿಗೆ ಇಡಿಯಾಗಿ ಉಳಿದಿರುವುದು ಇದೊಂದೇ.

2013ರ ಜೂನ್ 10ರಂದು ಅದನ್ನು ಮೇಲೆತ್ತಿದಾಗ ಪತ್ರಿಕೆಗಳು ಸಂಭ್ರಮಿಸಿದುವು. ಆದರೆ ನಿಜವಾದ ಸಾಹಸವು ಅಲ್ಲಿಂದ ಮುಂದೆ, ಷ್ರಾಪ್‌ಷೈರಿನ ಕಾಸ್‌ಫರ್ಡ್‌ನಲ್ಲಿರುವ ರಾಯಲ್ ಏರ್‌ಫೋರ್ಸ್ ವಸ್ತುಸಂಗ್ರಹಾಲಯದ ಶಾಖೆಯಲ್ಲಿ, ಯಾವ ಸಂಭ್ರಮವೂ ಇಲ್ಲದೆ ಆರಂಭವಾಯಿತೆಂದು ನನ್ನ ಭಾವನೆ. ಏಕೆಂದರೆ ಸಮುದ್ರಗರ್ಭದಲ್ಲಿ ಎಪ್ಪತ್ತು ವರ್ಷಗಳಿಗೂ ಮಿಗಿಲಾಗಿ ತಾಳಿಕೊಂಡಿದ್ದ ಅಲ್ಯೂಮಿನಿಯಂ ಮಿಶ್ರಲೋಹವು, ಗಾಳಿಯ ಆಮ್ಲಜನಕಕ್ಕೆ ಮೈಯೊಡ್ಡಿದೊಡನೆಯೇ, ತನ್ನ ಸೂಕ್ಷ್ಮರಂಧ್ರಗಳಲ್ಲಿ ಅಡಗಿರುವ ಕಡಲುಪ್ಪಿನ ಕ್ಲೋರೈಡಿನ ಪ್ರಭಾವದಿಂದ ಶೀಘ್ರವಾಗಿ ಕ್ಷಯಿಸತೊಡಗುತ್ತದೆ; ಒಣಗಲು ಬಿಟ್ಟರಂತೂ ಪುಡಿಪುಡಿಯಾಗಿ ಉದುರಬಹುದು. ಆದುದರಿಂದ ರೈತರು ಸಸಿ ಬೆಳೆಸುವ ಬಗೆಯ ಪ್ಲಾಸ್ಟಿಕ್ ಹೊದಿಕೆಯ ಸುರಂಗಗಳನ್ನು ಕಟ್ಟಿ, ವಿಮಾನದ ಭಾಗಗಳನ್ನು ಅವುಗಳೊಳಗಿರಿಸಿ, ಸಿಟ್ರಿಕ್ ಆಮ್ಲದ ತೆಳು ದ್ರಾವಣವನ್ನು ಎಡೆಬಿಡದೆ ಸಿಂಪಡಿಸಿದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ಪರೀಕ್ಷಿಸಿ ಸೂಚಿಸಿದ ಈ ದ್ರವ್ಯವು ಮತ್ತೇನಲ್ಲ, ನಿಂಬೆಹಣ್ಣಿನ ಹುಳಿಯೇ. ತಾಮ್ರದ ಬಿಂದಿಗೆಗೆ ಹುಣಿಸೆಹಣ್ಣು ತಿಕ್ಕುವ ನಮ್ಮ ಗೃಹಿಣಿಯರಿಗೆ ಇದರ ತತ್ತ್ವವನ್ನು ವಿವರಿಸಬೇಕಾದುದಿಲ್ಲ. ಹುಳಿಯು ಕಡಲಜೀವಿಗಳ ಚಿಪ್ಪಿನ ಪದರವನ್ನು ಸಡಿಲಿಸುತ್ತದೆ, ಉಪ್ಪನ್ನು ಮೆಲ್ಲಮೆಲ್ಲನೆ ಹೊರಗೆಳೆಯುತ್ತದೆ. ಹೆಚ್ಚಾದರೆ ಲೋಹವನ್ನೇ ತಿನ್ನುವುದರಿಂದ ಅದರ ತೀಕ್ಷ್ಣತೆಯನ್ನು ಸದಾ ಹದದಲ್ಲಿಡಬೇಕು. ಸಡಿಲಗೊಂಡುದನ್ನು ಕೆರೆದು ತೆಗೆಯುವುದು ಮಾತ್ರ ಮನುಷ್ಯರ ಕೈಗಳ ಕೆಲಸ. ತಿಂಗಳಲ್ಲ, ವರ್ಷಗಳನ್ನೇ ಬೇಡುವ ಸಾಧನೆಯಿದು.

ಹೊಸ ತಗಡು ಹೊದಿಸಿ, ಬಣ್ಣ ಬಳಿದು, ನೂತನ ವಿಮಾನದಂತೆ ನಿಲ್ಲಿಸುವುದು ಪ್ರೇಕ್ಷಕರಿಗೆ ಪ್ರಿಯವಾಗುತ್ತಿತ್ತೇನೋ. ಆದರೆ ವಸ್ತುಸಂಗ್ರಹಾಲಯವು ಇದನ್ನು ದೊರೆತ ಸ್ಥಿತಿಯಲ್ಲಿಯೇ ರಕ್ಷಿಸಿ ತೋರಿಸಲು ನಿಶ್ಚಯಿಸಿತು. ಈ ಸಂಯಮವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಸಮುದ್ರದ ತಳದಲ್ಲಿ ಕಂಡಾಗ ಇದರ ಚಕ್ರಗಳ ಟೈರುಗಳಲ್ಲಿ ಗಾಳಿ ಇನ್ನೂ ತುಂಬಿತ್ತು; ಪ್ರೊಪೆಲರುಗಳ ಮೇಲೆ ಕೊನೆಯ ಇಳಿತದ ಪೆಟ್ಟು ಸ್ಪಷ್ಟವಾಗಿತ್ತು. ಆ ಪೆಟ್ಟನ್ನು ತಟ್ಟಿ ನೇರಮಾಡುವ ಕುಶಲಿಗಳು ಬೇಕಾದಷ್ಟು ಮಂದಿ ಸಿಕ್ಕಾರು. ಆದರೆ ವಿಮಾನವು ನೀರಿಗೆ ಹೇಗೆ ಬಡಿಯಿತೆಂಬುದಕ್ಕೆ ಆ ಡೊಂಕಿನ ಹೊರತು ಬೇರೆ ಸಾಕ್ಷಿಯನ್ನು ಅವರು ಎಲ್ಲಿಂದ ತಂದಾರು?