ನಾಲ್ಕಡಿಯ ಪಟ್ ತಪ್ಪುವುದೇಕೆ? ಮೊದಲು ರೋಗ ಪತ್ತೆ, ಆಮೇಲೆ ಮದ್ದು

ಗಾಲ್ಫ್ ಆಟದಲ್ಲಿ ಮುನ್ನೂರು ಗಜ ಹಾರುವ ಹೊಡೆತಕ್ಕೂ ನಾಲ್ಕಡಿ ಉರುಳುವ ಹೊಡೆತಕ್ಕೂ ಅಂಕಪಟ್ಟಿಯಲ್ಲಿ ಭೇದವಿಲ್ಲ. ಎರಡೂ ಒಂದೊಂದೇ ಹೊಡೆತ. ಆದರೆ ಮೊದಲನೆಯದು ಹಾದಿ ತಪ್ಪಿದರೆ ಮುಂದಿನ ಹೊಡೆತದಲ್ಲಿ ಸರಿಪಡಿಸಿಕೊಳ್ಳಬಹುದು. ಕುಳಿಯ ಅಂಚಿನಲ್ಲಿ ತಪ್ಪಿದ್ದಕ್ಕೆ ಅಂಥ ಅವಕಾಶವಿಲ್ಲ. ಹಸಿರು ಹಾಸಿನ ಮೇಲೆ ಚೆಂಡನ್ನು ಕುಳಿಯೊಳಕ್ಕೆ ಉರುಳಿಸುವ ಈ ಹೊಡೆತವೇ ‘ಪಟ್’. ನೋಡುವವರಿಗೆ ಮಕ್ಕಳಾಟದಂತೆ ಕಾಣುವ ಕಿರು ಪಟ್‌ಗಳೇ ಜಗತ್ತಿನ ಘಟಾನುಘಟಿಗಳ ನಿದ್ದೆಗೆಡಿಸಿವೆ.

ಬೆಂಗಳೂರನ್ನು ನೆಲೆಯಾಗಿಸಿಕೊಂಡು ವೃತ್ತಿಪರ ಗಾಲ್ಫ್‌ನಲ್ಲಿ ಮೇಲೇರಿದ ಅನಿರ್ಬನ್ ಲಾಹಿರಿ ಅವರ ಉದಾಹರಣೆಯನ್ನೇ ನೋಡಬಹುದು. ಅಮೆರಿಕ ಹಾಗೂ ಯುರೋಪೇತರ ಅಂತರರಾಷ್ಟ್ರೀಯ ತಂಡಗಳ ನಡುವಿನ ಪ್ರೆಸಿಡೆಂಟ್ಸ್ ಕಪ್ ಸ್ಪರ್ಧೆಗೆ ಆಯ್ಕೆಯಾದ ಮೊದಲ ಭಾರತೀಯ ಅವರು. 2015ರ ಅಕ್ಟೋಬರ್ 11ರಂದು ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಅಂತಿಮ ದಿನದ ಸಿಂಗಲ್ಸ್ ಪಂದ್ಯ. ಎದುರಾಳಿ ಅಮೆರಿಕದ ಕ್ರಿಸ್ ಕಿರ್ಕ್. ಹದಿನೆಂಟನೇ ಕುಳಿಗೆ ಬರುವ ಹೊತ್ತಿಗೆ ಇಬ್ಬರೂ ಸಮಸಮ. ಲಾಹಿರಿಯವರ ಚೆಂಡು ಕುಳಿಯಿಂದ ಸುಮಾರು ನಾಲ್ಕಡಿ ದೂರದಲ್ಲಿತ್ತು. ಅವರಿಗಿಂತ ಬಹು ದೂರದಲ್ಲಿದ್ದ ಕಿರ್ಕ್ ಮೊದಲು ಹೊಡೆದು ಚೆಂಡನ್ನು ಕುಳಿಗಿಳಿಸಿದರು. ಬಳಿಕ ಲಾಹಿರಿ ಉರುಳಿಸಿದ ಚೆಂಡು ಕುಳಿಯ ಅಂಚನ್ನು ಸವರಿಕೊಂಡು ಹೊರಗೇ ಉಳಿಯಿತು. ಅಂತಿಮವಾಗಿ ಅಮೆರಿಕ ಗೆದ್ದದ್ದು 15½–14½ ಅಂತರದಿಂದ. ಲಾಹಿರಿಯವರ ಪಂದ್ಯ ಸಮವಾಗಿದ್ದರೆ ಬರೀ ಲೆಕ್ಕದ ಪ್ರಕಾರ ಎರಡೂ ತಂಡಗಳಿಗೆ ತಲಾ 15 ಅಂಕ!

ಆ ಹೊಡೆತ ಲಾಹಿರಿಯವರ ಆಟವನ್ನೇನೂ ಮುಗಿಸಲಿಲ್ಲ. 2022ರ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಒಂದೇ ಹೊಡೆತದ ಅಂತರದಿಂದ ದ್ವಿತೀಯರಾದರು. ಆದರೆ 2024ರ ಜುಲೈನಲ್ಲಿ ಸ್ಪೇನ್‌ನ ವಾಲ್ಡೆರಾಮಾದಲ್ಲಿ ಮತ್ತೆ ಕೊನೆಯ ಕುಳಿಯ ಕಿರು ಪಟ್ ಕೈಕೊಟ್ಟಿತು. ಪಂದ್ಯ ಪ್ಲೇ-ಆಫ್‌ಗೆ ಹೋಗಿ ಪ್ರಶಸ್ತಿ ಸೆರ್ಗಿಯೊ ಗಾರ್ಸಿಯಾ ಪಾಲಾಯಿತು.

ಗೋಲಿಯಾಟದ ಗಣಿತ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯವರಿಗೆ ಗಾಲ್ಫ್ ದೂರದ ಆಟ. ಉತ್ತರ ಕರ್ನಾಟಕದ ಅನೇಕರು ಆ ಹೆಸರನ್ನು ಪದೇ ಪದೇ ಕೇಳಿದ್ದು 2022ರ ಆಗಸ್ಟ್‌ನಲ್ಲಿ, ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಅಡಗಿದ್ದ ಚಿರತೆಗಾಗಿ ಅರಣ್ಯ ಇಲಾಖೆ ಶೋಧ ನಡೆಸಿದಾಗ. ಆದರೂ ಈ ಭಾಗದ ಓಣಿಗಳಲ್ಲಿ ನೆಲಕ್ಕೊಂದು ಕುಳಿ ತೋಡಿ ಗೋಲಿ ಆಡಿದವರಿಗೆ ಪಟ್‌ನ ತತ್ತ್ವ ಹೊಸದಲ್ಲ. ದಿಕ್ಕು ಸರಿಯಿದ್ದರೂ ರಭಸ ಹೆಚ್ಚಾದರೆ ಗೋಲಿ ಕುಳಿಯನ್ನು ಹಾರಿಹೋಗುತ್ತದೆ. ರಭಸ ಸರಿಯಿದ್ದರೂ ದಿಕ್ಕು ಕದಲಿದರೆ ಪಕ್ಕಕ್ಕೆ ಸರಿಯುತ್ತದೆ. ಗಾಲ್ಫ್‌ನಲ್ಲಿಯೂ ಸಂಗತಿ ಇಷ್ಟೆ. ಬದಲಾಗುವುದು ಅಳತೆ ಮಾತ್ರ.

ಗಾಲ್ಫ್ ಕುಳಿಯ ವ್ಯಾಸ ನಾಲ್ಕೂಕಾಲು ಅಂಗುಲ, ಅಂದರೆ 108 ಮಿಲಿಮೀಟರ್. ಚೆಂಡಿನ ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಕೂಡದು. ನಾಲ್ಕಡಿ ದೂರದಿಂದ ಸಮತಟ್ಟಾದ ನೆಲದಲ್ಲಿ ಮೆಲ್ಲಗೆ ಉರುಳಿ ಬರುವ ಚೆಂಡು ನೇರ ದಿಕ್ಕಿನಿಂದ ಎಡಕ್ಕೋ ಬಲಕ್ಕೋ ಸುಮಾರು ಎರಡೂವರೆ ಡಿಗ್ರಿ ಕದಲಿದರೂ ಒಳಗೆ ಬೀಳಬಲ್ಲದು. ಗಡಿಯಾರದ ನಿಮಿಷದ ಮುಳ್ಳು ಅರ್ಧ ನಿಮಿಷದಲ್ಲಿ ಸರಿಯುವುದೇ ಮೂರು ಡಿಗ್ರಿ. ಆಟಗಾರನಿಗೆ ಸಿಗುವ ರಿಯಾಯಿತಿ ಅದಕ್ಕಿಂತ ಕಡಿಮೆ.

ರಭಸ ಹೆಚ್ಚಿದಂತೆ ಈ ರಿಯಾಯಿತಿಯೂ ಕರಗುತ್ತದೆ. ಕುಳಿಯ ನಟ್ಟನಡುವೆ ಸಾಗುವ ಚೆಂಡೂ ಸೆಕೆಂಡಿಗೆ ಸುಮಾರು 1.63 ಮೀಟರ್‌ಗಿಂತ ವೇಗವಾಗಿದ್ದರೆ ಒಳಗೆ ನಿಲ್ಲದು ಎಂದು ಭೌತವಿಜ್ಞಾನಿ ಬ್ರಯಾನ್ ಹೋಮ್ಸ್ 1991ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅಂಚಿನ ಕಡೆಗೆ ಸರಿದಷ್ಟೂ ಈ ಮಿತಿ ಇನ್ನೂ ಕೆಳಗಿಳಿಯುತ್ತದೆ. ಚೆಂಡು ಅಂಚನ್ನು ಸುತ್ತಿ ಹೊರಬರುವುದಕ್ಕೆ ದುರದೃಷ್ಟಕ್ಕಿಂತ ಹೆಚ್ಚಾಗಿ ದಿಕ್ಕು ಮತ್ತು ರಭಸಗಳ ಈ ಹೊಂದಾಣಿಕೆಯೇ ಕಾರಣ.

ನುರಿತವರೂ ತಪ್ಪುತ್ತಾರೆ

ಚಿಕಿತ್ಸೆಗೆ ಮುನ್ನ ಆರೋಗ್ಯವೆಂದರೇನೆಂದು ತಿಳಿದಿರಬೇಕು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅವರು ಪಿಜಿಎ ಟೂರ್ ಆಟಗಾರರ ಹೊಡೆತಗಳ ದಾಖಲೆಗಳನ್ನು ವಿಶ್ಲೇಷಿಸಿದ್ದಾರೆ. ಅದರ ಪ್ರಕಾರ ಆ ಮಟ್ಟದ ಆಟಗಾರರು ಮೂರಡಿಯಿಂದ ನೂರಕ್ಕೆ 96, ನಾಲ್ಕಡಿಯಿಂದ 88, ಐದಡಿಯಿಂದ 77, ಆರಡಿಯಿಂದ 66 ಪಟ್‌ಗಳನ್ನು ಕುಳಿಗಿಳಿಸುತ್ತಾರೆ. ಎಂಟಡಿಗೆ ಬಂದರೆ ಅರ್ಧಕ್ಕರ್ಧ ಮಾತ್ರ. ಅಂದರೆ ನಾಲ್ಕಡಿಯಿಂದ ಎಂಟಕ್ಕೊಂದು ಪಟ್ ತಪ್ಪುವುದು ಜಗತ್ತಿನ ಶ್ರೇಷ್ಠರಿಗೂ ಸಹಜ.

ಈ ಅಂಕಿಗಳಲ್ಲಿ ಹವ್ಯಾಸಿಗಳಿಗೆ ಒಂದು ಎಚ್ಚರಿಕೆಯಿದೆ. ಒಂದು ಪಟ್ ತಪ್ಪಿತೆಂದು ಹಿಡಿತ ಬದಲಿಸುವುದು, ಎರಡು ತಪ್ಪಿತೆಂದು ಹೊಸ ಪಟರ್ ಕೊಳ್ಳುವುದು ಇಲ್ಲದ ರೋಗಕ್ಕೆ ಮದ್ದು ಕುಡಿದಂತೆ. ಬದಲಾವಣೆಗೆ ಕೈಹಾಕುವ ಮೊದಲು ಚೆಂಡು ಹೇಗೆ ತಪ್ಪುತ್ತಿದೆ ಎಂಬುದನ್ನು ಗುರುತಿಸಬೇಕು.

ಪರೀಕ್ಷೆ ಸುಲಭವಾಗಿದೆ. ಸಮತಟ್ಟಾದ ಜಾಗದಲ್ಲಿ ನಾಲ್ಕಡಿಯಿಂದ ಇಪ್ಪತ್ತು ಚೆಂಡು ಹೊಡೆಯಬೇಕು. ತಪ್ಪಿದ ಪ್ರತಿಯೊಂದು ಚೆಂಡು ಎಡಕ್ಕೆ ಹೋಯಿತೋ, ಬಲಕ್ಕೋ, ಕುಳಿಯ ಮುಂದೆಯೇ ನಿಂತಿತೋ, ದಾಟಿ ಎಷ್ಟು ದೂರ ಹೋಯಿತೋ ಬರೆದಿಡಬೇಕು. ಹದಿನೇಳು-ಹದಿನೆಂಟು ಒಳಗೆ ಬಿದ್ದರೆ ಹೊಡೆತದಲ್ಲಿ ತಿದ್ದುವಂಥದ್ದೇನೂ ಇಲ್ಲ. ಅದಕ್ಕಿಂತ ತೀರ ಕಡಿಮೆಯಾದರೆ ಬರೆದಿಟ್ಟ ಚೀಟಿಯೇ ದೋಷವನ್ನು ಹೇಳುತ್ತದೆ.

ಲಕ್ಷಣ ಮತ್ತು ಪರಿಹಾರ

ಒಂದೇ ಕಡೆಗೆ ತಪ್ಪುತ್ತಿದ್ದರೆ: ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಪಟರ್‌ನ ಮುಖ ಎತ್ತ ನೋಡುತ್ತಿದೆ ಎಂಬುದು. ಕೈ ಸಾಗುವ ಹಾದಿಯ ಪಾಲು ಅಲ್ಪ. ಬಲಗೈ ಆಟಗಾರನ ಚೆಂಡು ಸದಾ ಎಡಕ್ಕೆ ಹೋಗುತ್ತಿದ್ದರೆ ಮುಖ ಮುಚ್ಚಿಕೊಳ್ಳುತ್ತಿದೆ, ಬಲಕ್ಕೆ ಹೋಗುತ್ತಿದ್ದರೆ ತೆರೆದುಕೊಳ್ಳುತ್ತಿದೆ ಎಂದು ಮೊದಲು ಶಂಕಿಸಬೇಕು. ಇದನ್ನು ಖಚಿತಪಡಿಸಿಕೊಳ್ಳಲು ಬಟ್ಟೆ ಅಂಗಡಿಗಳಲ್ಲಿ ಬಳಸುವಂಥ ಒಂದು ಮೀಟರ್ ಉದ್ದದ ಲೋಹದ ಪಟ್ಟಿ ಸಾಕು. ಅದರ ಒಂದು ತುದಿಯಲ್ಲಿ ಚೆಂಡಿಟ್ಟು ಇನ್ನೊಂದು ತುದಿಯವರೆಗೆ ಉರುಳಿಸಬೇಕು. ಪಟ್ಟಿ ಒಂದು ಅಂಗುಲ ಅಗಲವಿದ್ದು ಚೆಂಡು ಕೊನೆಯವರೆಗೂ ಜಾರದೆ ಹೋದರೆ ದಿಕ್ಕು ಮುಕ್ಕಾಲು ಡಿಗ್ರಿಗಿಂತ ಹೆಚ್ಚು ತಪ್ಪಿಲ್ಲವೆಂದು ಅರ್ಥ. ಕಿರು ಪಟ್‌ಗೆ ಅದು ಧಾರಾಳವಾಯಿತು.

ಪಟ್ಟಿಯ ಮೇಲೆ ಸರಿ, ಮೈದಾನದಲ್ಲಿ ತಪ್ಪು ಎಂದಾದರೆ: ಹೊಡೆತದಲ್ಲಿ ದೋಷವಿಲ್ಲ, ಗುರಿಯಲ್ಲಿದೆ. ನೇರವಾಗಿ ನಿಂತಿದ್ದೇನೆಂದು ಆಟಗಾರ ಭಾವಿಸಿದ್ದರೂ ಪಟರ್ ಬೇರೆಡೆ ನೋಡುತ್ತಿರುತ್ತದೆ. ಚೆಂಡಿನ ಮೇಲೊಂದು ಗೆರೆ ಎಳೆದು, ಹಿಂದೆ ನಿಂತು ಅದನ್ನು ಗುರಿಗೆ ಹೊಂದಿಸಿ, ಬಳಿಕ ಪಟರ್ ಅನ್ನು ಆ ಗೆರೆಗೆ ಲಂಬವಾಗಿ ಇಡುವುದು ಬಲ್ಲವರ ರೂಢಿ. ಕಣ್ಣಿನ ಸ್ಥಾನವನ್ನೂ ಪರೀಕ್ಷಿಸಬೇಕು. ನಿಂತ ಭಂಗಿಯಲ್ಲೇ ಮೂಗಿನ ಬುಡದಿಂದ ಇನ್ನೊಂದು ಚೆಂಡನ್ನು ಕೆಳಕ್ಕೆ ಬಿಟ್ಟರೆ ಅದು ನೆಲದ ಚೆಂಡಿನ ಮೇಲೋ ತುಸು ಒಳಕ್ಕೋ ಬೀಳಬೇಕು. ಬಹಳ ಆಚೀಚೆ ಬಿದ್ದರೆ ಕಣ್ಣಿಗೆ ಕಾಣುವ ನೇರವೇ ಓರೆಯಾಗಿರುವ ಸಂಭವವಿದೆ.

ಸಮತಟ್ಟಿನಲ್ಲಿ ಸರಿ, ಇಳಿಜಾರಿನಲ್ಲಿ ತಪ್ಪು ಎಂದಾದರೆ: ನೆಲವನ್ನು ಓದುವುದರಲ್ಲಿ ಕೊರತೆಯಿದೆ. ಹವ್ಯಾಸಿಗಳ ಚೆಂಡು ಹೆಚ್ಚಾಗಿ ಇಳಿಜಾರಿನ ಕೆಳಬದಿಗೆ ತಪ್ಪುತ್ತದೆ. ಮೇಲ್ಬದಿಯಿಂದ ಬರುವ ಚೆಂಡಿಗೆ ಕೊನೆಯ ಗಳಿಗೆಯಲ್ಲೂ ಕುಳಿಯತ್ತ ಹೊರಳುವ ಅವಕಾಶವಿರುತ್ತದೆ. ಕೆಳಬದಿಗೆ ಇಳಿದದ್ದು ಮತ್ತೆ ಮೇಲೇರದು. ನಮ್ಮ ಬೆಚ್ಚಗಿನ ಹವೆಯಲ್ಲಿ ಬೆಳೆಯುವ ಬರ್ಮುಡಾ ಜಾತಿಯ ಹುಲ್ಲು ಒಂದು ಕಡೆಗೆ ಬಾಗಿ ಬೆಳೆದು ಚೆಂಡನ್ನು ಆ ಕಡೆಗೆ ಸೆಳೆಯುವುದನ್ನೂ ಗಮನದಲ್ಲಿಡಬೇಕು.

ಕುಳಿಗೆ ಮೊದಲೇ ನಿಂತರೆ ಅಥವಾ ಬಹಳ ದಾಟಿದರೆ: ದೋಷ ರಭಸದಲ್ಲಿದೆ. ಕೈಯನ್ನು ಹಿಂದಕ್ಕೆ ಬಹಳ ಒಯ್ದು ಕೊನೆಗೆ ಹೆದರಿ ತಡೆಯುವುದು ಸಾಮಾನ್ಯ ತಪ್ಪು. ತಡೆದಾಗ ಪಟರ್‌ನ ಮುಖವೂ ತಿರುಗುತ್ತದೆ. ಕುಳಿ ಇಲ್ಲದಿದ್ದರೆ ಚೆಂಡು ಒಂದು-ಒಂದೂವರೆ ಅಡಿ ಆಚೆ ಹೋಗಿ ನಿಲ್ಲುವಷ್ಟು ರಭಸ ಹಿತವೆಂದು ಬೋಧಕರು ಹೇಳುತ್ತಾರೆ. ಹಿಂದಕ್ಕೆ ಒಯ್ಯುವ ಅಳತೆಯನ್ನು ಕಿರಿದಾಗಿಸಿ ಮುಂದಕ್ಕೆ ಅಳುಕದೆ ಸಾಗಬೇಕು.

ಒಮ್ಮೆ ಎಡ, ಒಮ್ಮೆ ಬಲ ಎಂದಾದರೆ: ತಲೆಯನ್ನು ಪರೀಕ್ಷಿಸಬೇಕು. ಫಲ ನೋಡುವ ಆತುರದಲ್ಲಿ ಚೆಂಡು ತಾಗುವ ಮುನ್ನವೇ ಕತ್ತು ಎತ್ತಿದರೆ ಭುಜವೂ ಜೊತೆಗೆ ತಿರುಗುತ್ತದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಆಟಗಾರರ ಕಣ್ಣಿನ ಚಲನೆಯನ್ನು ಅಳೆದು 1992ರಲ್ಲಿ ಅಧ್ಯಯನ ಪ್ರಕಟಿಸಿದರು. ನುರಿತವರ ದೃಷ್ಟಿ ಹೊಡೆತಕ್ಕೆ ಮುನ್ನ ಚೆಂಡಿನ ಮೇಲೆ ಹೆಚ್ಚು ಹೊತ್ತು ಸ್ಥಿರವಾಗಿರುತ್ತದೆ, ತಾಗಿದ ಬಳಿಕವೂ ಕ್ಷಣಕಾಲ ಅಲ್ಲೇ ಉಳಿಯುತ್ತದೆ ಎಂಬುದು ಅದರ ಸಾರ. ಕಿರು ಪಟ್‌ನ ಫಲವನ್ನು ಕಣ್ಣಿನಿಂದಲ್ಲ, ಕಿವಿಯಿಂದ ತಿಳಿಯಬೇಕು ಎಂಬ ಹಳೆಯ ಬುದ್ಧಿವಾದಕ್ಕೆ ಇದು ಪುಷ್ಟಿ ಕೊಡುತ್ತದೆ.

ಕೈಯೇ ಮಾತು ಕೇಳದಾಗ

ಈ ಯಾವ ಗುಂಪಿಗೂ ಸೇರದ ಒಂದು ತೊಂದರೆಯಿದೆ. ಚೆಂಡಿಲ್ಲದೆ ಬೀಸಿದಾಗ ಕೈ ಸರಾಗ, ಚೆಂಡಿಟ್ಟೊಡನೆ ಮಣಿಕಟ್ಟಿನಲ್ಲಿ ಅದುರು. ಇದಕ್ಕೆ ಗಾಲ್ಫ್ ಲೋಕದಲ್ಲಿ ‘ಯಿಪ್ಸ್’ ಎಂದು ಹೆಸರು. ಕೆಲವರಲ್ಲಿ ಇದು ಒತ್ತಡದ ಫಲವಾದರೆ, ಇನ್ನು ಕೆಲವರಲ್ಲಿ ಬರಹಗಾರರ ಕೈಸೆಳೆತದಂಥ ನರಸಂಬಂಧಿ ತೊಂದರೆ ಎಂದು ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು ಗುರುತಿಸಿದ್ದಾರೆ. ಅದನ್ನು ಪುಕ್ಕಲುತನ ಎಂದು ಹಂಗಿಸುವುದು ಅನ್ಯಾಯ.

ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಈ ಕಾಟಕ್ಕೆ ಹಲವು ಬಾರಿ ತುತ್ತಾದವರು. 1991ರ ರೈಡರ್ ಕಪ್‌ನಲ್ಲಿ ಅವರ ಸುಮಾರು ಆರಡಿಯ ಕೊನೆಯ ಪಟ್ ತಪ್ಪಿದ್ದರಿಂದ ಅಮೆರಿಕ 14½–13½ರಿಂದ ಗೆದ್ದಿತು. ಎರಡು ವರ್ಷಗಳ ಬಳಿಕ ಅವರೇ ಮಾಸ್ಟರ್ಸ್ ಪ್ರಶಸ್ತಿ ಗೆದ್ದರು. ಅವರು ಮಾಡಿದ್ದು ಹಿಡಿತದ ವಿಧಾನವನ್ನೇ ಬದಲಿಸುವುದು. ಹಳೆಯ ಹಿಡಿತಕ್ಕೆ ಅಂಟಿಕೊಂಡ ಅದುರು ಹೊಸ ಹಿಡಿತದಲ್ಲಿ ಬಹುಮಟ್ಟಿಗೆ ಸಡಿಲಗೊಳ್ಳುತ್ತದೆ. ಎಡಗೈ ಕೆಳಗಿಟ್ಟು ಹಿಡಿಯುವುದು, ಚೆಂಡಿನ ಬದಲು ಕುಳಿಯನ್ನು ನೋಡುತ್ತ ಹೊಡೆಯುವುದು, ಉದ್ದದ ಪಟರ್ ಬಳಸುವುದು ಇದೇ ಜಾತಿಯ ಉಪಾಯಗಳು. ಆದರೆ 2016ರ ಜನವರಿ 1ರಿಂದ ಪಟರ್ ಅನ್ನು ಹೊಟ್ಟೆಗೋ ಎದೆಗೋ ಆನಿಸಿ ಹೊಡೆಯುವುದು ನಿಯಮಬಾಹಿರ.

ಅಭ್ಯಾಸವೇ ಆಸ್ತಿ

ಪಟ್ ಅಭ್ಯಾಸಕ್ಕೆ ದೊಡ್ಡ ಮೈದಾನ ಬೇಕಿಲ್ಲ. ಮನೆಯಲ್ಲಿ ಬಿಗಿಯಾಗಿ ಹಾಸಿದ ನವಲಗುಂದದ ಜಮಖಾನೆಯ ಮೇಲೂ ದಿಕ್ಕಿನ ಅಭ್ಯಾಸ ಸಾಧ್ಯ. ನಿತ್ಯ ಹತ್ತು ನಿಮಿಷ, ಒಂದೇ ದೋಷಕ್ಕೆ ಒಂದೇ ಮದ್ದು, ವಾರಕ್ಕೊಮ್ಮೆ ಇಪ್ಪತ್ತು ಚೆಂಡಿನ ಪರೀಕ್ಷೆ. ಹಲವು ಮದ್ದುಗಳನ್ನು ಒಟ್ಟಿಗೆ ಕೊಟ್ಟರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ.

ಈ ಬಗೆಯ ನಿಖರತೆಗೆ ಗದಗ ಜಿಲ್ಲೆಯವರು ಬೇರೆ ಆಟದ ಉದಾಹರಣೆಯನ್ನು ಬಲ್ಲರು. ಬಾಲ್ಯದಲ್ಲಿ ಅಭ್ಯಾಸಕ್ಕಾಗಿ ಮುಂಜಾನೆ ಹುಬ್ಬಳ್ಳಿಗೆ ಹೋಗಿ ಶಾಲೆಯ ವೇಳೆಗೆ ಗದಗಿಗೆ ಮರಳುತ್ತಿದ್ದ ಸುನೀಲ್ ಜೋಷಿ, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಒಂದೇ ಜಾಗಕ್ಕೆ, ಒಂದೇ ಅಳತೆಯಲ್ಲಿ ಚೆಂಡು ಬೀಳಿಸುವ ಆ ಕಲೆಗೂ ನಾಲ್ಕಡಿಯ ಪಟ್‌ಗೂ ಬಂಡವಾಳ ಒಂದೇ.

ಬೆಂಗಳೂರಿನ ಅದಿತಿ ಅಶೋಕ್ ಕೂಡ ಎಳವೆಯಲ್ಲೇ ಪಟಿಂಗ್ ಹಾಸಿನಿಂದ ಆಟ ಆರಂಭಿಸಿದವರು. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಿಶ್ವದ 200ನೇ ಶ್ರೇಯಾಂಕದ ಅವರು, ತಮಗಿಂತ ಬಹುದೂರ ಹೊಡೆಯುವವರ ನಡುವೆ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ದೂರದ ಕೊರತೆಯನ್ನು ಅವರು ತುಂಬಿಕೊಂಡದ್ದು ಬಹುಪಾಲು ಕುಳಿಯ ಸುತ್ತಲಿನ ಈ ಕಿರು ಹೊಡೆತಗಳಿಂದ. ತೋಳಿನ ಬಲ ಎಲ್ಲರಿಗೂ ಒಂದೇ ಸಮನಾಗಿ ಬರುವುದಿಲ್ಲ. ನಾಲ್ಕಡಿಯ ಪಟ್ ಮಾತ್ರ ತಾಳ್ಮೆಯಿಂದ ಕಲಿಯುವ ಯಾರಿಗೂ ಒಲಿಯಬಲ್ಲದು.