ಪಾಚಿಯೊಳಗೆ ಎಣ್ಣೆ, ಡಬ್ಬಿಯೊಳಗೆ ಪುಡಿ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಹಿಂದೆ ಅಮೃತಮಹಲ್ ದನಗಳ ಹುಲ್ಲುಗಾವಲು. ಈಗ ಅಲ್ಲಿ ಇಸ್ರೊ ಬೇಲಿ ಎದ್ದಿದೆ. ಚಂದ್ರನ ಮೇಲೆ ಇಳಿಯುವ ನೌಕೆಯ ಸಂವೇದಕಗಳನ್ನು ಪರೀಕ್ಷಿಸಲು ಚಂದ್ರನಲ್ಲಿರುವಂಥ ಕುಳಿಗಳನ್ನು ಈ ನೆಲದಲ್ಲೇ ತೋಡಿದ್ದರು. ತಾಲ್ಲೂಕು ಕೇಂದ್ರ ಚಳ್ಳಕೆರೆಯಾದರೋ ಶೇಂಗಾ ಮಿಲ್ಲುಗಳಿಂದಾಗಿ ‘ಎಣ್ಣೆ ನಗರ’ ಎನಿಸಿಕೊಂಡ ಊರು. ಬಾಹ್ಯಾಕಾಶ ಮತ್ತು ಎಣ್ಣೆ ಎರಡರ ನಂಟೂ ಇರುವ ಸರಕೊಂದು ಈಗ ಔಷಧಿ ಅಂಗಡಿಯ ಕಪಾಟಿಗೆ ಬಂದಿದೆ: ಸೂಕ್ಷ್ಮಪಾಚಿಯ ಒಮೆಗಾ-3 ಪುಡಿ. ಕೊಳ್ಳುವವರ ತಲೆಯಲ್ಲೂ ಮಾರುವವರ ಬಾಯಲ್ಲೂ ಅದರ ಬಗ್ಗೆ ಹತ್ತಾರು ತಪ್ಪು ತಿಳಿವಳಿಕೆಗಳಿವೆ.

‘ಎಣ್ಣೆ ಪುಡಿಯಾಗುವುದುಂಟೆ? ಇದೇನೋ ಕೆಮಿಕಲ್ ಆಟ’ ಎಂಬುದು ಮೊದಲನೆಯದು. ಹಾಗನ್ನುವವರ ಅಡುಗೆಮನೆಯಲ್ಲೇ ಉತ್ತರವಿದೆ. ಕೆನೆಭರಿತ ಹಾಲಿನ ಪುಡಿಯಲ್ಲಿ ಕನಿಷ್ಠ ಕಾಲು ಭಾಗ ಕೊಬ್ಬೇ ಇರುತ್ತದೆ. ಆದರೂ ಅದು ಕೈಗೆ ಅಂಟುವುದಿಲ್ಲ. ಕೊಬ್ಬಿನ ಸಣ್ಣ ಹನಿಗಳನ್ನು ಹಾಲಿನ ಪ್ರೋಟೀನು ಮತ್ತು ಸಕ್ಕರೆ ಸುತ್ತುವರಿದಿರುವುದೇ ಇದಕ್ಕೆ ಕಾರಣ. ಒಮೆಗಾ-3 ಎಣ್ಣೆಗೂ ಇದೇ ಉಪಾಯ. ಎಣ್ಣೆಯನ್ನು ನೀರು ಮತ್ತು ಗೋಂದು ಅಥವಾ ಹಾಲಿನ ಪ್ರೋಟೀನಿನ ಜೊತೆ ಕಡೆದು, ಸುಮಾರು 180 ಡಿಗ್ರಿ ಸೆಲ್ಸಿಯಸ್‌ನ ಬಿಸಿಗಾಳಿಗೆ ತುಂತುರಾಗಿ ಸಿಂಪಡಿಸುತ್ತಾರೆ. ಅಷ್ಟು ಬಿಸಿಗೆ ಎಣ್ಣೆ ಸುಡದೇ ಇರುತ್ತದೆಯೇ ಎಂಬ ಅನುಮಾನ ಸಹಜ. ನೀರು ಆವಿಯಾಗುವಾಗ ಹನಿಯ ಶಾಖವನ್ನು ತಾನೇ ಹೀರಿಕೊಳ್ಳುತ್ತದೆ. ಹಾಗಾಗಿ ಒಣಗುವ ಆ ಕೆಲವೇ ಕ್ಷಣಗಳಲ್ಲಿ ಹನಿ ಗಾಳಿಯಷ್ಟು ಕಾಯುವುದಿಲ್ಲ.

ಇಷ್ಟೆಲ್ಲ ಏಕೆ ಬೇಕು? ಶೇಂಗಾ ಎಣ್ಣೆಯ ಮುಖ್ಯ ಅಂಶವಾದ ಓಲಿಯಿಕ್ ಆಮ್ಲದಲ್ಲಿ ಇರುವುದು ಒಂದೇ ಜೋಡಿಬಂಧ. ಮಿದುಳಿಗೂ ಕಣ್ಣಿಗೂ ಬೇಕಾದ ಡಿಎಚ್‌ಎ ಎಂಬ ಒಮೆಗಾ-3ರಲ್ಲಿ ಅಂಥವು ಆರು. ಗಾಳಿಯ ಆಮ್ಲಜನಕ ದಾಳಿ ಮಾಡುವುದು ಈ ಬಂಧಗಳ ಆಸುಪಾಸಿನಲ್ಲೇ. ಮಿಲ್ಲಿನವರು ‘ಕಮಟು’ ಎನ್ನುವ ವಾಸನೆ ಶೇಂಗಾ ಎಣ್ಣೆಗೆ ಬರಲು ತಿಂಗಳುಗಳು ಬೇಕು, ಡಿಎಚ್‌ಎ ಎಣ್ಣೆಯನ್ನು ತೆರೆದಿಟ್ಟರೆ ಕೆಲವು ದಿನ ಸಾಕು.

ಮೀನು ತಿಂದರೆ ಮಾತ್ರ ಒಮೆಗಾ-3 ಸಿಗುತ್ತದೆ ಎಂಬ ನಂಬಿಕೆಗೂ ಅರ್ಧ ಆಧಾರವಿದೆ. ಮೀನಿನಲ್ಲಿ ಡಿಎಚ್‌ಎ ಇರುವುದು ನಿಜ, ಆದರೆ ಅದರ ಬಹುಪಾಲು ಮೀನಿನ ಸ್ವಂತದ್ದಲ್ಲ. ಸಮುದ್ರದ ಸೂಕ್ಷ್ಮಪಾಚಿ ತಯಾರಿಸಿದ್ದನ್ನು ಸಣ್ಣ ಜೀವಿಗಳು ತಿಂದು, ಅವನ್ನು ಮೀನು ತಿಂದು ಕೂಡಿಟ್ಟ ಗಂಟು ಅದು. ಅಗಸೆಯಲ್ಲಿಯೂ ಒಮೆಗಾ-3 ಧಾರಾಳವಾಗಿದೆ. ಅದು ಬೇರೆ ಬಗೆಯದು, ನಮ್ಮ ದೇಹ ಅದನ್ನು ಡಿಎಚ್‌ಎ ಆಗಿ ಮಾರ್ಪಡಿಸುವುದು ಅತ್ಯಲ್ಪ. ಅಗಸೆ ಚಟ್ನಿ ಬೇರೆ ಕಾರಣಗಳಿಗೆ ಒಳ್ಳೆಯದು, ತಿನ್ನುತ್ತಿರಲಿ.

ಮೀನನ್ನು ಬಿಟ್ಟು ನೇರವಾಗಿ ಪಾಚಿಗೇ ಹೋಗುವ ದಾರಿ ತೆರೆದದ್ದು ಬಾಹ್ಯಾಕಾಶ ಸಂಶೋಧನೆಯಿಂದ. ದೀರ್ಘ ಯಾನದಲ್ಲಿ ಪಾಚಿಯಿಂದ ಆಹಾರ ಮತ್ತು ಆಮ್ಲಜನಕ ಪಡೆಯಬಹುದೇ ಎಂದು ನಾಸಾ ನೆರವಿನಿಂದ 1980ರ ದಶಕದಲ್ಲಿ ಕೆಲಸ ಮಾಡಿದ ಕೆಲವು ವಿಜ್ಞಾನಿಗಳು 1985ರಲ್ಲಿ ಮಾರ್ಟೆಕ್ ಕಂಪನಿ ಕಟ್ಟಿದರು. ಕ್ರಿಪ್ತೆಕೊಡಿನಿಯಂ ಕೊಹ್ನಿ ಎಂಬ ಪಾಚಿ ಡಿಎಚ್‌ಎ ಎಣ್ಣೆಯನ್ನು ಮೈತುಂಬ ತುಂಬಿಕೊಳ್ಳುತ್ತದೆ ಎಂಬುದು ಅವರಿಗೆ ಒಲಿದ ಲಾಭ. ಶಿಶುಗಳ ಹಾಲಿನ ಪುಡಿಯಲ್ಲಿ ಅದರ ಬಳಕೆಗೆ ಅಮೆರಿಕದ ಎಫ್‌ಡಿಎ 2001ರಲ್ಲಿ ಆಕ್ಷೇಪವಿಲ್ಲ ಎಂದಿತು. 2025ರ ಜೂನ್‌ನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಶುಭಾಂಶು ಶುಕ್ಲಾ ಅವರ ಪ್ರಯೋಗಗಳಲ್ಲಿಯೂ ಸೂಕ್ಷ್ಮಪಾಚಿ ಇತ್ತು.

ಪಾಚಿ ಎಂದ ಕೂಡಲೇ ಬಿಸಿಲು, ಹಸಿರು ತೊಟ್ಟಿ ಕಣ್ಣಮುಂದೆ ಬರುತ್ತದೆ. ‘ಚಳ್ಳಕೆರೆಯ ಬಿಸಿಲಲ್ಲಿ ಬೆಳೆದರೆ ಒಮೆಗಾ-3 ಹೊಳೆಯಾಗಿ ಹರಿಯುತ್ತದೆ’ ಎಂದು ಯಾರಾದರೂ ಯೋಜನೆ ಹಾಕಿದರೆ ಅಚ್ಚರಿಯಿಲ್ಲ. ಆದರೆ ಡಿಎಚ್‌ಎ ಕೊಡುವ ಈ ಪಾಚಿಗೆ ಬೆಳಕು ಬೇಕಿಲ್ಲ. ಮುಚ್ಚಿದ ಉಕ್ಕಿನ ತೊಟ್ಟಿಯ ಕತ್ತಲಲ್ಲಿ ಸಕ್ಕರೆ ನೀರು ಕುಡಿದು ಬೆಳೆಯುತ್ತದೆ. ಬಿಸಿಲು, ಕ್ಷಾರದ ನೀರು ಎರಡೂ ಒಗ್ಗುವುದು ಸ್ಪಿರುಲಿನಾಕ್ಕೆ.

ಹಸಿರು ಪುಡಿಯೆಲ್ಲ ಒಂದೇ ಎಂಬ ಗೊಂದಲ ಹುಟ್ಟುವುದೇ ಇಲ್ಲಿ. ಮೈಸೂರಿನ ಸಿಎಫ್‌ಟಿಆರ್‌ಐ 1970ರ ದಶಕದಲ್ಲಿ ಜರ್ಮನಿಯ ಸಹಕಾರದಿಂದ ಪಾಚಿ ಕೃಷಿಯ ಕೆಲಸಕ್ಕೆ ಇಳಿಯಿತು. ಮುಂದೆ ಸ್ಪಿರುಲಿನಾ ಬೆಳೆಸುವ ತಂತ್ರಜ್ಞಾನವನ್ನೂ ಅದರ ಚಿಕ್ಕಿಯನ್ನೂ ರೂಪಿಸಿತು. ಸ್ಪಿರುಲಿನಾದ ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನು. ಎಣ್ಣೆ ಮಾತ್ರ ಕಡಿಮೆ, ಅದರಲ್ಲೂ ಹೆಸರುವಾಸಿಯಾದದ್ದು ಒಮೆಗಾ-6 ಗುಂಪಿನ ಗಾಮಾ ಲಿನೊಲೆನಿಕ್ ಆಮ್ಲ. ಡಿಎಚ್‌ಎಗಾಗಿ ಸ್ಪಿರುಲಿನಾ ನುಂಗುವುದು ವ್ಯರ್ಥ. ಬಿ12 ಕೂಡ ಸಿಗುತ್ತದೆ ಎನ್ನುವವರಿದ್ದಾರೆ. ಅದರಲ್ಲಿರುವುದರ ಬಹುಪಾಲು ನಮ್ಮ ದೇಹ ಬಳಸಲಾಗದ ಹುಸಿ ಬಿ12.

ಇನ್ನು ಪಾಚಿಯನ್ನೇ ಎಣ್ಣೆಯ ಡಬ್ಬಿಯಾಗಿಸುವ ವಿಚಾರ. ಕ್ಲೋರೆಲ್ಲಾ ಕೋಶದ ಗೋಡೆ ಗಟ್ಟಿ. ಅದು ಸುಲಭವಾಗಿ ಜೀರ್ಣವಾಗದ್ದರಿಂದ ‘ಗೋಡೆ ಒಡೆದ ಕ್ಲೋರೆಲ್ಲಾ’ ಎಂದೇ ಮಾರುವುದುಂಟು. ಆಹಾರಕ್ಕೆ ಅಡ್ಡಿಯಾದ ಈ ಗುಣ ಎಣ್ಣೆಗೆ ಕಾವಲಾಗಬಲ್ಲದು. ಯೀಸ್ಟ್ ಕೋಶದೊಳಗೆ ಎಣ್ಣೆ ತುಂಬುವ ವಿಧಾನಕ್ಕೆ 1970ರ ದಶಕದಲ್ಲೇ ಪೇಟೆಂಟ್ ಆಗಿತ್ತು: ಕೋಶಗಳನ್ನು ನೀರು, ಎಣ್ಣೆಯ ಜೊತೆ ಬೆಚ್ಚಗೆ ಕಲಕುತ್ತಿದ್ದರೆ ಎಣ್ಣೆ ಗೋಡೆ ದಾಟಿ ಒಳಗೆ ಸೇರುತ್ತದೆ. ಬಳಿಕ ತೊಳೆದು ಒಣಗಿಸಿದರೆ ಆಯಿತು. ಕೋಶ ಜೀವಂತವಾಗಿರಬೇಕು ಎಂದೂ ಇಲ್ಲ. ಇದೇ ಉಪಾಯವನ್ನು ಸೂಕ್ಷ್ಮಪಾಚಿಯ ಮೇಲೂ ಪ್ರಯೋಗಿಸುತ್ತಿದ್ದಾರೆ. ಪಾಚಿ ತಾನೇ ತಯಾರಿಸಿದ ಎಣ್ಣೆಯನ್ನು ಹೊರತೆಗೆಯದೆ ಇಡೀ ಕೋಶವನ್ನು ಒಣಗಿಸುವುದು ಇನ್ನೊಂದು ದಾರಿ.

‘ನೈಸರ್ಗಿಕ ಕವಚ, ಹಾಗಾಗಿ ಯಾರಿಗೂ ತೊಂದರೆಯಿಲ್ಲ’ ಎಂಬ ಮಾತಿಗೆ ಈ ಎರಡನೆಯ ದಾರಿಯ ಅನುಭವ ಸಾಕ್ಷಿ ನುಡಿಯುವುದಿಲ್ಲ. ಕೊಬ್ಬು ತುಂಬಿದ ಇಡೀ ಕೋಶಗಳ ‘ಪಾಚಿ ಹಿಟ್ಟು’ ಅಮೆರಿಕದಲ್ಲಿ ತಿಂಡಿಗಳಿಗೆ ಸೇರಿತ್ತು. 2016ರ ಅಕ್ಟೋಬರ್‌ನಲ್ಲಿ ಸಾಯ್ಲೆಂಟ್ ಕಂಪನಿ, ಹೊಟ್ಟೆ ಕೆಟ್ಟಿತೆಂಬ ಗ್ರಾಹಕರ ದೂರುಗಳ ನಂತರ ತನ್ನ ಬಾರ್‌ಗಳನ್ನೂ ಒಂದು ಪುಡಿಯನ್ನೂ ಮಾರುವುದು ನಿಲ್ಲಿಸಿತು, ಬಳಿಕ ಪಾಚಿ ಹಿಟ್ಟಿನತ್ತ ಬೊಟ್ಟು ಮಾಡಿತು. ಹಿಟ್ಟಿನ ತಯಾರಕರು ಅದನ್ನು ಒಪ್ಪಲಿಲ್ಲ. ತಪ್ಪು ಯಾರದೇ ಇರಲಿ, ಹೊಸ ಪದಾರ್ಥಕ್ಕೆ ‘ನೈಸರ್ಗಿಕ’ ಎಂಬ ಚೀಟಿ ಸುರಕ್ಷತೆಯ ಪ್ರಮಾಣಪತ್ರವಲ್ಲ.

ಕೊನೆಯದಾಗಿ, ‘ಪುಡಿ ಮಾಡಿದ ಮೇಲೆ ಕೆಡುವುದೇ ಇಲ್ಲ’ ಎಂಬ ನಂಬಿಕೆ. ಎಂಥ ಕವಚವಾದರೂ ಒಂದಷ್ಟು ಎಣ್ಣೆ ಕಣದ ಹೊರಮೈಯಲ್ಲಿ ಉಳಿಯುತ್ತದೆ, ಮೊದಲು ಕಮಟುವುದು ಅದೇ. ಪ್ರಯೋಗಾಲಯದಲ್ಲಿ ಪುಡಿಯನ್ನು ಹೆಕ್ಸೇನ್‌ನಲ್ಲಿ ಮೆಲ್ಲಗೆ ತೊಳೆದು ಇದನ್ನು ಅಳೆಯುತ್ತಾರೆ. ಶೇಂಗಾ ಹಿಂಡಿಯಲ್ಲಿ ಉಳಿದ ಎಣ್ಣೆ ತೆಗೆಯಲು ಕಾರ್ಖಾನೆಗಳು ಬಳಸುವ ದ್ರಾವಕವೂ ಅದೇ. ಕೊಳ್ಳುವವರ ಬಳಿ ಹೆಕ್ಸೇನ್ ಇರುವುದಿಲ್ಲ, ಮೂಗು ಇರುತ್ತದೆ. ಡಬ್ಬಿ ತೆರೆದಾಗ ಹಳೆಯ ಮೀನಿನ ವಾಸನೆ ಹೊಡೆದರೆ ಅದು ಸಮುದ್ರದ ಪರಿಮಳವಲ್ಲ, ಹಾಳಾದ ಎಣ್ಣೆ. ಲೇಬಲ್ಲಿನಲ್ಲಿ ನೋಡಬೇಕಾದದ್ದು ‘ಪಾಚಿ ಪುಡಿ’ ಎಷ್ಟು ಗ್ರಾಂ ಎಂಬುದನ್ನಲ್ಲ, ಒಂದು ಚಮಚದಲ್ಲಿ ಡಿಎಚ್‌ಎ ಎಷ್ಟು ಮಿಲಿಗ್ರಾಂ ಎಂಬುದನ್ನು. ಬರೇ ‘ಒಮೆಗಾ ಸಮೃದ್ಧ’ ಎಂದಷ್ಟೇ ಬರೆದಿದ್ದರೆ ಆ ಡಬ್ಬಿಯನ್ನು ಕಪಾಟಿನಲ್ಲೇ ಬಿಡಬಹುದು.