ಎರಡು ವಾರ ದಾಟಿದ ಕೆಮ್ಮು

ಹತ್ತಿ ಬೆಳೆಯುವ ನಮ್ಮ ಜನರಿಗೆ ಗುಲಾಬಿ ಕಾಯಿಕೊರಕದ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹುಳು ಎಳೆಯ ಕಾಯಿಯೊಳಕ್ಕೆ ಹೊಕ್ಕ ಮೇಲೆ, ಅದು ಹೊಕ್ಕ ತೂತು ಮುಚ್ಚಿಹೋಗುತ್ತದೆ. ಕಾಯಿ ಹೊರಗಿನಿಂದ ಹಸಿರಾಗಿ, ದುಂಡಗೆ ಕಾಣುತ್ತದೆ. ಒಡೆದಾಗ ನೋಡಿದರೆ ಒಳಗೆಲ್ಲ ಕೆಟ್ಟ ಅರಳೆ. ಅದಕ್ಕಾಗಿಯೇ ಕೃಷಿ ಅಧಿಕಾರಿಗಳು, ಹುಳು ಕಣ್ಣಿಗೆ ಬೀಳುವ ತನಕ ಕಾಯಬೇಡಿ, ಮೋಹಕ ಬಲೆ ಕಟ್ಟಿ ಪತಂಗಗಳನ್ನು ಎಣಿಸಿ, ಬಲೆಯೊಂದಕ್ಕೆ ರಾತ್ರಿಗೆ 8ರಂತೆ ಸಾಲಾಗಿ 3 ರಾತ್ರಿ ಬಿದ್ದರೆ ತಡಮಾಡದೆ ಎಣ್ಣೆ ಹೊಡೆಯಿರಿ ಎನ್ನುತ್ತಾರೆ. ಬೆಳೆಯ ವಿಷಯದಲ್ಲಿ ಈ ಲೆಕ್ಕವನ್ನು ನಂಬುವ ನಮ್ಮ ರೈತರು ತಮ್ಮ ಎದೆಯ ವಿಷಯದಲ್ಲಿ ಮಾತ್ರ ನೋವು ಬರುವವರೆಗೆ ಕಾಯುತ್ತಾರೆ. ಶ್ವಾಸಕೋಶದ ಕ್ಯಾನ್ಸರಿನ ಚಿಹ್ನೆಗಳಿದ್ದೂ ಜನರು ಡಾಕ್ಟರರ ಬಳಿಗೆ ಹೋಗಲು ಏಕೆ ತಡಮಾಡುತ್ತಾರೆ ಎಂಬುದನ್ನು ಈ ಸಲ ವಿಚಾರಿಸೋಣ.

2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ಒಂದೇ ವರ್ಷ ಸುಮಾರು 25 ಲಕ್ಷ ಜನರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು. ಸುಮಾರು 18 ಲಕ್ಷ ಜನರು ಇದರಿಂದ ತೀರಿಕೊಂಡರು. ಕ್ಯಾನ್ಸರುಗಳಲ್ಲೆಲ್ಲ ಹೆಚ್ಚು ಜೀವ ತೆಗೆಯುವುದು ಇದೇ. ರೋಗ ಶ್ವಾಸಕೋಶದ ಒಂದು ಮೂಲೆಯಲ್ಲಿರುವಾಗಲೇ ಸಿಕ್ಕಿದರೆ ಆಪರೇಷನ್ ಮಾಡಿ ತೆಗೆದು ಗುಣಪಡಿಸಲು ಸಾಧ್ಯವಿದೆ. ನಮ್ಮ ದೇಶದಲ್ಲಿ ಬಹುಪಾಲು ರೋಗಿಗಳು ಆ ಹಂತ ದಾಟಿದ ಮೇಲೆಯೇ ದೊಡ್ಡಾಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ.

ಇದಕ್ಕೆ ಮೊದಲ ಕಾರಣ ನಮ್ಮ ಶರೀರದ ರಚನೆಯಲ್ಲಿಯೇ ಇದೆ. ಶ್ವಾಸಕೋಶದ ಒಳಭಾಗಕ್ಕೆ ನೋವು ತಿಳಿಯುವುದು ತೀರ ಕಡಿಮೆ. ಗಂಟು ಬೆಳೆದು ಹೊರಗಿನ ಪೊರೆಗೋ ಪಕ್ಕೆಲುಬಿಗೋ ತಾಗಿದಾಗ ಮಾತ್ರ ನೋವು ಶುರುವಾಗುತ್ತದೆ. 'ನೋವಿಲ್ಲವಲ್ಲ' ಎಂದು ರೋಗಿ ಹೇಳುವುದು ಸುಳ್ಳಲ್ಲ. ಆದರೆ ಈ ರೋಗದಲ್ಲಿ ಆ ಮಾತಿಗೆ ಬೆಲೆಯಿಲ್ಲ.

ಎರಡನೆಯದು, ಕೆಮ್ಮಿಗೆ ನಮ್ಮ ಮನೆಗಳಲ್ಲಿ ಮೊದಲೇ ಒಂದು ಹೆಸರು ಇಟ್ಟಿರುತ್ತೇವೆ. ಬೀಡಿ, ಚುಟ್ಟ ಸೇದುವವರಿಗೆ ಅದು ಬೀಡಿ ಕೆಮ್ಮು. ತೊಗರಿ ರಾಶಿ ಮಾಡಿದವರಿಗೆ ಧೂಳಿನ ಕೆಮ್ಮು. ಹತ್ತಿಗೆ ಎಣ್ಣೆ ಹೊಡೆದು ಬಂದವರಿಗೆ ಎಣ್ಣೆಯ ಘಾಟು. ಒಲೆಯ ಮುಂದೆ ಕೂರುವ ತಾಯಂದಿರಿಗೆ ಹೊಗೆಯ ಕೆಮ್ಮು. ಹೆಸರು ಸಿಕ್ಕಿದ ಮೇಲೆ ಯಾರೂ ಮುಂದೆ ವಿಚಾರಿಸುವುದಿಲ್ಲ. ನಾವು ಮನೆಗಳ ಭೇಟಿಗೆ ಹೋದಾಗ ಒಬ್ಬ ಹಿರಿಯರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನಲವತ್ತು ವರ್ಷ ಬೀಡಿ ಸೇದ್ದೋನಿಗೆ ಕೆಮ್ಮು ಇರ್ಲಾರ್ದೆ ಮತ್ತೇನಿರ್ತದ್ರೀ ಫಾದರ್?" ಅವರ ಕೆಮ್ಮು ಹಳೆಯದೇ. ಆದರೆ ಆರು ತಿಂಗಳಿಂದ ಅದರ ದನಿ ಬದಲಾಗಿತ್ತು, ರಾತ್ರಿ ಹೆಚ್ಚಾಗುತ್ತಿತ್ತು, ಅಂಗಿ ಸಡಿಲವಾಗಿತ್ತು. ಹಳೆಯ ಕೆಮ್ಮು ಇದ್ದವರು ನೋಡಬೇಕಾದದ್ದು ಈ ಬದಲಾವಣೆಯನ್ನು. ಬೀಡಿಯ ಹೊಗೆ ಸಿಗರೇಟಿಗಿಂತ ಸೌಮ್ಯವೆಂಬ ನಂಬಿಕೆಯೂ ನಮ್ಮಲ್ಲಿದೆ. ಅದಕ್ಕೆ ಯಾವ ಆಧಾರವೂ ಇಲ್ಲ.

ಹೆಂಗಸರ ಮಾತು ಬೇರೆ. ಅವರು ಬೀಡಿ ಮುಟ್ಟಿದವರಲ್ಲವಾದ್ದರಿಂದ ಅವರಿಗೆ ಈ ರೋಗ ಬಾರದೆಂದು ಮನೆಯವರೂ, ಕೆಲವೊಮ್ಮೆ ಔಷಧಿ ಕೊಡುವವರೂ ತಿಳಿಯುತ್ತಾರೆ. ಧೂಮಪಾನ ಮಾಡದವರಲ್ಲಿಯೂ ಶ್ವಾಸಕೋಶದ ಕ್ಯಾನ್ಸರ್ ಕಾಣಿಸಿಕೊಳ್ಳುವುದುಂಟು. ಭಾರತದಲ್ಲಿ ಅಂಥ ರೋಗಿಗಳ ಪಾಲು ಸಣ್ಣದಲ್ಲ. ಗಂಡ ಸೇದಿದ ಬೀಡಿಯ ಹೊಗೆ ಒಂದು ಕಾರಣ. ಗಾಳಿಯಾಡದ ಅಡುಗೆಮನೆಯಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು ಉರಿಸಿದ ಹೊಗೆಯೂ ಕಾರಣವಾಗಿರಬಹುದೆಂದು ತಜ್ಞರು ಎಣಿಸುತ್ತಾರೆ. ಗ್ಯಾಸಿನ ಸಿಲಿಂಡರು ಮನೆಗೆ ಬಂದಿದ್ದರೂ ಅದನ್ನು ಚಹಾಕ್ಕೆ ಮಾತ್ರ ಇಟ್ಟುಕೊಂಡು, ರೊಟ್ಟಿಯನ್ನು ಕಟ್ಟಿಗೆಯ ಒಲೆಯ ಮೇಲೆಯೇ ಸುಡುವ ಮನೆಗಳು ಎಷ್ಟೆಂದು ನಮಗೂ ಗೊತ್ತು, ನಿಮಗೂ ಗೊತ್ತು. ಮನೆಯಲ್ಲಿ ಎಲ್ಲರ ಔಷಧಿ ಮುಗಿದ ಮೇಲೆ ತನ್ನದು ಎನ್ನುವ ತಾಯಿಯ ಕೆಮ್ಮು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಗುಳೆ ಹೋಗಿ ಮುಂಬೈ, ಪುಣೆ, ಬೆಂಗಳೂರುಗಳಲ್ಲಿ ಕಟ್ಟಡದ ಕೆಲಸ ಮಾಡಿ ಬಂದವರೂ ನಮ್ಮಲ್ಲಿ ಅನೇಕರಿದ್ದಾರೆ. ಕಲ್ಲು ಕೊರೆಯುವಾಗ, ಅರೆಯುವಾಗ ಏಳುವ ಸಿಲಿಕಾ ಧೂಳು ಕ್ಯಾನ್ಸರಿಗೆ ಕಾರಣವೆಂದು 1997ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ನಿರ್ಣಯಿಸಿದೆ. ಡಾಕ್ಟರರು 'ಏನು ಕೆಲಸ?' ಎಂದು ಕೇಳಿದಾಗ 'ಒಕ್ಕಲುತನ' ಎಂದಷ್ಟೇ ಹೇಳಿ ಸುಮ್ಮನಾಗಬಾರದು.

ಇನ್ನು ಟಿ.ಬಿ.ಯ ಪ್ರಶ್ನೆ. ಇದು ಎರಡು ಕಡೆಯಿಂದ ತಡಮಾಡಿಸುತ್ತದೆ. ಕೆಮ್ಮು ಎಂದರೆ ಟಿ.ಬಿ. ಎಂದಾರು, ಮಗಳ ಸಂಬಂಧ ತಪ್ಪೀತು, ಊಟದ ತಾಟು ಬೇರೆ ಇಟ್ಟಾರು ಎಂದು ಹೆದರಿ ಕಫ ಪರೀಕ್ಷೆಗೇ ಹೋಗದವರು ಒಂದು ಕಡೆ. ಪರೀಕ್ಷೆಗೆ ಹೋಗಿ, ಟಿ.ಬಿ. ಇರಬಹುದೆಂಬ ಅಂದಾಜಿನ ಮೇಲೆ ಮಾತ್ರೆ ಶುರುಮಾಡಿಕೊಂಡು, ಇಳಿಮುಖವಿಲ್ಲದಿದ್ದರೂ ಆರು ತಿಂಗಳು ನುಂಗುತ್ತಲೇ ಕಾಲ ಕಳೆಯುವವರು ಇನ್ನೊಂದು ಕಡೆ. ಎಕ್ಸ್-ರೇಯಲ್ಲಿ ಈ ಎರಡೂ ರೋಗಗಳ ನೆರಳು ಒಂದನ್ನೊಂದು ಹೋಲಬಹುದು. ಕೆಮ್ಮು, ಕಫದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು ಎರಡಕ್ಕೂ ಸಾಮಾನ್ಯ. ಟಿ.ಬಿ. ಹೆಚ್ಚಾಗಿರುವ ನಮ್ಮಂಥ ನಾಡಿನಲ್ಲಿ ಡಾಕ್ಟರರು ಮೊದಲು ಅದನ್ನೇ ಯೋಚಿಸುವುದು ಸಹಜ. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: "ಕಫದಲ್ಲಿ ಟಿ.ಬಿ. ಕ್ರಿಮಿ ಸಿಕ್ಕಿದೆಯೇ, ಇಲ್ಲವೇ?" ಸಿಕ್ಕಿದ್ದರೆ ಮಾತ್ರೆಯನ್ನು ಒಂದು ದಿನವೂ ಬಿಡಬಾರದು. ಸಿಕ್ಕಿಲ್ಲದೆ ಮಾತ್ರೆ ಶುರುವಾಗಿ, ಎರಡು ತಿಂಗಳಲ್ಲಿ ತೂಕ ಏರದೆ ಕೆಮ್ಮು ಇಳಿಯದೆ ಇದ್ದರೆ, ಸಿ.ಟಿ. ಸ್ಕ್ಯಾನ್ ಬೇಕೇ ಎಂದು ಅದೇ ಡಾಕ್ಟರರನ್ನು ಗೌರವದಿಂದಲೇ ಕೇಳಬೇಕು. ಹಿಂದೆ ಟಿ.ಬಿ. ಆಗಿ ವಾಸಿಯಾದವರಿಗೆ ಮತ್ತೆ ಕೆಮ್ಮು ಬಂದರೂ ಹಾಗೆಯೇ. ಹಳೆಯ ರೋಗವೇ ತಿರುಗಿ ಬಂತೆಂದು ಮನೆಯಲ್ಲಿ ಕುಳಿತು ತೀರ್ಮಾನಿಸಬಾರದು.

ನಮ್ಮ ಹಳ್ಳಿಗಳಲ್ಲಿ ಆರ್.ಎಂ.ಪಿ.ಗಳೇ ಮೊದಲ ಡಾಕ್ಟರು. ರಾತ್ರಿ ಕರೆದರೆ ಬರುತ್ತಾರೆ, ಸಾಲ ಕೊಟ್ಟು ಔಷಧಿ ಕೊಡುತ್ತಾರೆ, ಕನ್ನಡವನ್ನೂ ತೆಲುಗನ್ನೂ ನಮ್ಮಂತೆಯೇ ಮಾತಾಡುತ್ತಾರೆ. ಅವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಸಿರಪ್ಪು, ಎರಡು ಇಂಜೆಕ್ಷನ್ನು, ಮತ್ತೆ ಬೇರೆ ಬಣ್ಣದ ಸಿರಪ್ಪು ಎಂದು ಮೂರು ತಿಂಗಳು ಹೋದರೆ ಆ ಮೂರು ತಿಂಗಳು ಯಾರದು? ಎದೆಯೊಳಗಿನ ಗಂಟು ಇಂಜೆಕ್ಷನ್ನಿಗೆ ಸಿಗುವುದಿಲ್ಲ. ಇದನ್ನು ಊರಿನ ಒಳ್ಳೆಯ ಆರ್.ಎಂ.ಪಿ.ಗಳೂ ಒಪ್ಪುತ್ತಾರೆ, ಅಂಥವರು ತಾವೇ ಪೇಟೆಗೆ ಕಳಿಸುತ್ತಾರೆ.

ಕಾಲದ ಮಾತೂ ಇದೆ. ಹತ್ತಿ ಬಿಡಿಸುವುದು ಮುಗಿಯಲಿ, ತೊಗರಿ ಮಾರಲಿ, ಕ್ರಿಸ್ಮಸ್ ಆಗಲಿ, ಮದುವೆ ಆಗಲಿ. ರೈತನಿಗೆ ಯಾವ ತಿಂಗಳೂ ಬಿಡುವಿನ ತಿಂಗಳಲ್ಲ. ಒಂದು ದಿನ ಪೇಟೆಗೆ ಹೋದರೆ ಎರಡಾಳಿನ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ, ಎಕ್ಸ್-ರೇ ಹಣ ಬೇರೆ. ಈ ಲೆಕ್ಕ ಸುಳ್ಳೆಂದು ಪೀಠದ ಮೇಲಿನಿಂದ ಹೇಳಿ ಪ್ರಯೋಜನವಿಲ್ಲ, ಲೆಕ್ಕ ನಿಜವೇ. ಆದರೆ ಆಪರೇಷನ್ನಿನ ಕಾಲ ಮೀರಿದ ಮೇಲೆ ಹೊಲ ಅಡ ಇಟ್ಟು ಸುತ್ತುವ ಆಸ್ಪತ್ರೆಗಳ ಲೆಕ್ಕವನ್ನೂ ಪಕ್ಕದಲ್ಲಿ ಬರೆದು ನೋಡಬೇಕು.

ಎಲ್ಲಕ್ಕಿಂತ ಆಳದಲ್ಲಿರುವುದು ಹೆದರಿಕೆ ಮತ್ತು ನಾಚಿಕೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಈ ರೋಗಿಗಳನ್ನೇ ಮಾತಾಡಿಸಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸೇದಿದವರೂ ಸೇದದವರೂ ಒಂದೇ ಸಮನೆ, ಜನ ತಮ್ಮನ್ನೇ ತಪ್ಪಿತಸ್ಥರನ್ನಾಗಿ ನೋಡುತ್ತಾರೆಂದು ನೊಂದು ಹೇಳಿದ್ದರು. ನಮ್ಮಲ್ಲಿಯೂ ಹಾಗೆಯೇ. 'ಸೇದಬೇಡ ಎಂದರೆ ಕೇಳಲಿಲ್ಲ, ಅನುಭವಿಸಲಿ' ಎಂಬ ಮಾತು ಮನೆಯಲ್ಲಿ ಬರುತ್ತದೆಂದು ತಿಳಿದೇ ಎಷ್ಟೋ ಗಂಡಸರು ರಕ್ತ ಬಿದ್ದ ಕಫವನ್ನು ಮಣ್ಣಿನಲ್ಲಿ ಮುಚ್ಚುತ್ತಾರೆ. ಪಾಪನಿವೇದನೆಗೆ ಬಂದವನನ್ನು ನಾವು ಮೊದಲು ಒಳಗೆ ಕರೆಯುತ್ತೇವೆ, ಬೈಯುವುದಿಲ್ಲ. ರೋಗಿಗೆ ಅಷ್ಟಾದರೂ ಮನೆಯಲ್ಲಿ ಸಿಗಬೇಡವೇ? ಸೂಜಿ ಹಾಕಿ ತುಂಡು ತೆಗೆದರೆ ಗಂಟು ಮೈಯೆಲ್ಲ ಹರಡುತ್ತದೆ ಎಂಬ ಹೆದರಿಕೆಯೂ ಊರೂರಲ್ಲಿದೆ. ಆ ಪರೀಕ್ಷೆಯಿಲ್ಲದೆ ಯಾವ ಜಾತಿಯ ಕ್ಯಾನ್ಸರ್, ಯಾವ ಔಷಧಿ ಎಂದು ತಿಳಿಯುವುದೇ ಇಲ್ಲ. ಈಗ ಕೆಲವರಿಗೆ ಮಾತ್ರೆಯ ರೂಪದ ಚಿಕಿತ್ಸೆಯೂ ಇದೆ. ಯಾರಿಗೆ ಎಂಬುದನ್ನು ಹೇಳುವುದು ಆ ತುಂಡಿನ ಪರೀಕ್ಷೆಯೇ.

ಇಲ್ಲೊಂದು ಮಾತು ನಮ್ಮ ಕೆಲಸಕ್ಕೆ ಸೇರಿದ್ದು. ಗುರುಗಳು ಎಣ್ಣೆ ಹಚ್ಚಲು ಬಂದರೆಂದರೆ ಕಾಲ ಮುಗಿಯಿತು ಎಂದು ತಿಳಿದು ನಮ್ಮನ್ನೂ ಕಡೆಯ ಗಳಿಗೆಗೆ ಕರೆಯುತ್ತಾರೆ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಇದನ್ನು 'ಕಡೆಯ ಅಭ್ಯಂಗ' ಎನ್ನುವುದಕ್ಕಿಂತ ರೋಗಿಗಳ ಅಭ್ಯಂಗವೆನ್ನುವುದು ಲೇಸೆಂದು ತಿಳಿಸಿತು. 1972ರಲ್ಲಿ ಪೋಪ್ ಆರನೇ ಪೌಲರು ಹೊಸ ವಿಧಿಯನ್ನು ಕೊಟ್ಟರು. ದೊಡ್ಡ ಆಪರೇಷನ್ನಿಗೆ ಹೊರಡುವ ಮುನ್ನವೂ ಈ ಸಂಸ್ಕಾರ ಪಡೆಯಬಹುದು. ಪ್ರಾರ್ಥನಾ ಕೂಟಕ್ಕೆ, ಹರಕೆಗೆ ಹೋಗುವುದು ಬೇಡವೆಂದು ನಾವು ಎಂದೂ ಹೇಳೆವು. ಆದರೆ ಸಿರಾಖನ ಗ್ರಂಥದ 38ನೇ ಅಧ್ಯಾಯ ಪ್ರಾರ್ಥನೆಯ ಜೊತೆಯಲ್ಲಿಯೇ ವೈದ್ಯನಿಗೂ ಸ್ಥಾನ ಕೊಟ್ಟಿದೆ. ಒಂದಕ್ಕಾಗಿ ಇನ್ನೊಂದನ್ನು ಮುಂದೂಡುವುದು ಭಕ್ತಿಯಲ್ಲ.

ಹಾಗಾದರೆ ಯಾವಾಗ ಹೋಗಬೇಕು? ಎರಡು ವಾರ ದಾಟಿದ ಯಾವ ಕೆಮ್ಮಿಗಾದರೂ ಕಫ ಪರೀಕ್ಷೆ ಆಗಬೇಕೆಂಬುದು ಟಿ.ಬಿ. ಕಾರ್ಯಕ್ರಮದ ನಿಯಮ, ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣವಿಲ್ಲ. ಅದರ ಜೊತೆಗೆ ಎದೆಯ ಎಕ್ಸ್-ರೇ ಕೇಳಿರಿ. ಕಫದಲ್ಲಿ ಒಂದು ಎಳೆ ರಕ್ತ ಕಂಡರೂ ಎರಡು ವಾರ ಕಾಯುವುದು ಬೇಡ, ಮರುದಿನವೇ ಹೊರಡಿ. ಗಂಟಲು ಒಡೆದು ದನಿ ಸರಿಹೋಗದಿರುವುದು, ನಡೆದರೆ ದಮ್ಮು, ಕಾರಣವಿಲ್ಲದೆ ಮೈ ಇಳಿಯುವುದು, ಭುಜ ಅಥವಾ ಪಕ್ಕೆಯಲ್ಲಿ ಬಿಡದ ನೋವು, ಮುಖ ಊದುವುದು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ, ಇವೂ ಅಷ್ಟೇ. ಇವೆಲ್ಲ ಕ್ಯಾನ್ಸರೇ ಎಂದಲ್ಲ. ಹೆಚ್ಚಿನವರಿಗೆ ಬೇರೆಯೇ ಕಾರಣವಿರುತ್ತದೆ. ಎಕ್ಸ್-ರೇ ಚೆನ್ನಾಗಿದೆ ಎಂದರೂ ಕೆಮ್ಮು ನಿಲ್ಲದಿದ್ದರೆ ಮತ್ತೆ ಹೋಗಬೇಕು, ಸಣ್ಣ ಗಂಟು ಎಕ್ಸ್-ರೇಗೆ ತಪ್ಪಿಸಿಕೊಳ್ಳಬಲ್ಲದು.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ನಾರಾಯಣಪೇಟೆ ಅಥವಾ ಗದ್ವಾಲದ ಜಿಲ್ಲಾ ಆಸ್ಪತ್ರೆ. ಕ್ಯಾನ್ಸರ್ ಸಂದೇಹವಿದ್ದರೆ ಹೈದರಾಬಾದಿನ ರೆಡ್‌ಹಿಲ್ಸ್‌ನಲ್ಲಿರುವ ಸರ್ಕಾರಿ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ. ಆರೋಗ್ಯಶ್ರೀ ಯೋಜನೆ 2007ರಲ್ಲಿ ಮೊದಲು ಶುರುವಾದ ಮೂರು ಜಿಲ್ಲೆಗಳಲ್ಲಿ ನಮ್ಮ ಹಳೆಯ ಮಹಬೂಬನಗರವೂ ಒಂದು. ತೆಲಂಗಾಣದಲ್ಲಿ ಅದರ ಮಿತಿ 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿತು. ಭಾಷೆಯ ಸಲುಗೆಯಿಂದ ರಾಯಚೂರಿಗೆ ಹೋಗುವವರು ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು, ಅದು ಬೇರೆ ರಾಜ್ಯ. ಮಕ್ತಲ್, ಕೃಷ್ಣ ಮಾರ್ಗವಾಗಿ 2023ರ ಅಕ್ಟೋಬರಿನಲ್ಲಿ ಕಾಚಿಗುಡ-ರಾಯಚೂರು ರೈಲು ಶುರುವಾದ ಮೇಲೆ ಬಸ್ಸಿನಲ್ಲಿ ಕೂರಲಾಗದ ರೋಗಿಗಳಿಗೆ ಎರಡೂ ದಿಕ್ಕಿಗೆ ಇನ್ನೊಂದು ದಾರಿಯಾಗಿದೆ.

ರೋಗಿಯನ್ನು ಒಬ್ಬನೇ ಕಳಿಸಬೇಡಿ. ಒಬ್ಬನೇ ಹೋದವನು 'ಸ್ವಲ್ಪ ಕೆಮ್ಮು' ಎಂದು ಹೇಳಿ ಸಿರಪ್ಪು ತರುತ್ತಾನೆ. ಎಷ್ಟು ವಾರದಿಂದ, ಎಷ್ಟು ಬೀಡಿ, ಎಷ್ಟು ತೂಕ ಇಳಿದಿದೆ ಎಂಬುದನ್ನು ಹೆಂಡತಿಯೋ ಮಗನೋ ಜೊತೆಗೆ ನಿಂತು ಹೇಳಲಿ. ತೆಲುಗಿನಲ್ಲಿ ವಿವರಿಸಲು ಬಾರದ ಹಿರಿಯರಿಗೆ ಶಾಲೆಗೆ ಹೋಗುವ ಮೊಮ್ಮಗಳಾದರೂ ಸಾಕು. ಹಳೆಯ ಎಕ್ಸ್-ರೇಗಳನ್ನು ಗೂಡಿನಿಂದ ತೆಗೆದು, ಮಡಿಸದೆ, ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಎರಡು ವರ್ಷದ ಹಿಂದಿನ ಚಿತ್ರದಲ್ಲಿ ಆ ನೆರಳು ಇತ್ತೋ ಇಲ್ಲವೋ ಎಂಬುದರ ಮೇಲೆ ಡಾಕ್ಟರರು ಮುಂದಿನ ದಾರಿಯನ್ನು ಹೇಳಬಲ್ಲರು.